ಮರ ಮಲೆನಾಡಿಂದು, ನಾದ ಯಾರದ್ದು?

ಬೀಟೆಯ ಜಾಗಕ್ಕೆ ಅಕ್ರೋಟು ಬಂತು. ನಮ್ಮ ತೋಟಕ್ಕೆ ಸಿಲ್ವರ್ ಬಂತು!

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಕಡೆಯವರಿಗೆ ಬೀಟೆ ಮರ ಅಂದ ಕೂಡಲೇ ಏನು ನೆನಪಾಗುತ್ತೆ ಹೇಳಿ? ಅಜ್ಜನ ಕಾಲದ ಮಂಚ, ಜಗಲಿಯ ಕಂಬ, ನಾಲ್ಕು ಜನ ಸೇರಿದರೂ ಜರುಗದ ಪೆಟ್ಟಿಗೆ. ಆಮೇಲೆ? ಆಮೇಲೆ ಫಾರೆಸ್ಟಿನವರು! ತೋಟದ ಮೂಲೆಯಲ್ಲಿ ಬೀಟೆಯೊಂದು ಮಳೆಗಾಳಿಗೆ ಬಿದ್ದರೆ ಮನೆ ಯಜಮಾನನ ಮುಖದಲ್ಲಿ ಲಾಭದ ಕಳೆಗಿಂತ ಭಯದ ಕಳೆಯೇ ಜಾಸ್ತಿ. ಇದು ಮೂರೂ ತಾಲೂಕಿನವರಿಗೆ ಗೊತ್ತಿರುವ ಸಂಗತಿ.

ಅಷ್ಟಾಗಿ ಗೊತ್ತಿಲ್ಲದ ಸಂಗತಿ ಇನ್ನೊಂದಿದೆ. ಅರ್ಧ ಶತಮಾನಕ್ಕೂ ಮಿಕ್ಕಿ ಲೋಕದ ಒಳ್ಳೊಳ್ಳೆ ಗಿಟಾರ್‌ಗಳ ಬೆನ್ನು ಮತ್ತು ಪಕ್ಕೆಗಳು ನಮ್ಮ ಘಟ್ಟದ ಸಾಲಿನ ಇದೇ ಬೀಟೆಯಿಂದ ಆಗುತ್ತಾ ಬಂದಿವೆ. ಈಗ ಆ ಜಾಗಕ್ಕೆ ಪೈಪೋಟಿ ಬಂದಿದೆ. ಬಂದಿರುವ ಮರ ಯಾವುದು ಗೊತ್ತೇ? ಅಕ್ರೋಟು! ಅಂಗಡಿಯಲ್ಲಿ ಗೋಡಂಬಿ, ದ್ರಾಕ್ಷಿಯ ಪಕ್ಕ ಕೂರುವ ಅಕ್ರೋಟಿನ ಕಾಯಿ ನೋಡಿದ್ದೀರಲ್ಲ, ಅದೇ ಕುಲದ ಮರ.

"ಗಿಟಾರು ಬಾರಿಸೋ ಹುಡುಗರ ಗೊಡವೆ ಅಡಿಕೆ ಸುಲಿಯೋ ನಮಗ್ಯಾಕೆ ಮಾರಾಯ್ರೆ?" ಎನ್ನಬೇಡಿ. ಇದು ಹಾಡು ಕುಣಿತದ ವಿಷಯ ಅಲ್ಲ. ನಮ್ಮ ಅಂಗಳದ ಮರಕ್ಕೆ ಯಜಮಾನ ಯಾರು ಎಂಬ ಹಳೇ ತಕರಾರಿನ ವಿಷಯ.

ನಜರೆತ್ ಊರಿಗೆ ಹೋದ ಬೀಟೆ

ಅಮೆರಿಕದ ಪೆನ್ಸಿಲ್ವೇನಿಯಾ ಪ್ರಾಂತ್ಯದಲ್ಲಿ ನಜರೆತ್ ಅಂತ ಒಂದು ಸಣ್ಣ ಊರು. ಅಲ್ಲಿ ಮಾರ್ಟಿನ್ ಎಂಬ ಗಿಟಾರ್ ಕಂಪೆನಿ ಇದೆ. ಶುರುವಾದದ್ದು 1833ರಲ್ಲಿ. ಈ ಕಂಪೆನಿಯವರು ತಮ್ಮ ಮೇಲ್ದರ್ಜೆಯ ಗಿಟಾರ್‌ಗಳಿಗೆ ಬ್ರೆಜಿಲ್ ದೇಶದ ಬೀಟೆಯನ್ನು ಬಳಸುತ್ತಿದ್ದರು. ಅದೂ ನಮ್ಮ ಬೀಟೆಯ ದಾಯಾದಿ ಮರವೇ. 1960ರ ದಶಕದ ಕೊನೆಗೆ ಬ್ರೆಜಿಲ್ ಸರ್ಕಾರ ಬುದ್ಧಿವಂತಿಕೆ ಮಾಡಿತು. ಇಡೀ ದಿಮ್ಮಿಯನ್ನು ಹೊರಗೆ ಕಳಿಸೋದಕ್ಕೆ ಕಡಿವಾಣ ಹಾಕಿತು. ಕೊಯ್ಯುವ ಕೆಲಸ ನಮ್ಮಲ್ಲೇ ಆಗಲಿ, ಕೂಲಿ ನಮ್ಮವರಿಗೇ ಸಿಗಲಿ ಎಂಬ ಲೆಕ್ಕ.

ಮಾರ್ಟಿನ್ ಕಂಪೆನಿ 1969ರಲ್ಲಿ ಭಾರತದ ಬೀಟೆಯತ್ತ ತಿರುಗಿತು. ಉಳಿದವರೂ ಹಿಂದೆ ಬಂದರು. 1992ರಲ್ಲಿ ಬ್ರೆಜಿಲ್ ಬೀಟೆಯನ್ನು ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ಒಪ್ಪಂದದ ಅತಿ ಬಿಗಿಯಾದ ಮೊದಲ ಪಟ್ಟಿಗೆ ಸೇರಿಸಿದ ಮೇಲಂತೂ ದಕ್ಷಿಣ ಭಾರತದ ಬೀಟೆಗೆ ಎದುರಾಳಿಯೇ ಇಲ್ಲ ಎನ್ನುವಂತಾಯಿತು. ಆ ಒಪ್ಪಂದಕ್ಕೆ ಸೈಟೀಸ್ ಅಂತ ಹೆಸರು. ಈ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತೆ.

ಹೀಗೆ ಹೋದ ಬೀಟೆಯಲ್ಲಿ ಕಾಡಿನದ್ದೂ ಉಂಟು, ಕಾಫಿ, ಟೀ ತೋಟಗಳಲ್ಲಿ ನೆರಳಿಗೆ ಅಂತ ನಿಂತು ಮುದಿಯಾದ ಮರಗಳದ್ದೂ ಉಂಟು. ನಮ್ಮ ಮೂರು ತಾಲೂಕುಗಳಲ್ಲಿ ಬೀಟೆಗೆ ಹೆಚ್ಚು ಒಗ್ಗಿದ್ದು ನರಸಿಂಹರಾಜಪುರ, ಕೊಪ್ಪ ಸೀಮೆ. ಭದ್ರಾ ಕಡೆಯ ಎಲೆ ಉದುರುವ ಕಾಡಿನಲ್ಲಿ ತೇಗ, ಮತ್ತಿ, ಹೊನ್ನೆಗಳ ಜೊತೆ ಇದು ಬೆಳೆಯುತ್ತದೆ. ಶೃಂಗೇರಿ ಕಡೆಗೆ ಏರಿದಂತೆ ಮಳೆ ಹೆಚ್ಚು, ಕಾಡು ನಿತ್ಯಹಸುರು. ಅಲ್ಲಿ ಬೀಟೆಗಿಂತ ಹಲಸಿನ ಕಾರುಬಾರು. ಹಿಂದೆ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಸಣ್ಣ ಹಳಿಯ ಟ್ರಾಮ್ ಗಾಡಿ ಓಡಾಡುತ್ತಿತ್ತು. ಅದು ಹೊತ್ತದ್ದು ಮನುಷ್ಯರನ್ನು ಮಾತ್ರವಲ್ಲ, ಈ ಕಾಡಿನ ನಾಟಾವನ್ನೂ.

ಬೀಟೆಯೇ ಯಾಕೆ?

ಗಿಟಾರ್ ಒಂದು ಪೆಟ್ಟಿಗೆ. ಅದರ ಮುಂದಿನ ಹಲಗೆ ಹಗುರವಾಗಿರಬೇಕು. ಅದಕ್ಕೆ ತಂಪು ದೇಶಗಳ ಸ್ಪ್ರೂಸ್ ಮರವೋ, ಸೀಡರ್ ಮರವೋ ಆಗಬೇಕು. ತಂತಿ ಮೀಟಿದಾಗ ಅದರ ನಡುಕ ಕುದುರೆಯ ಮೂಲಕ ಈ ಮುಂದಿನ ಹಲಗೆಗೆ ಇಳಿಯುತ್ತದೆ. ಹಲಗೆ ಅದುರಿದಾಗ ಒಳಗಿನ ಗಾಳಿ ಅದುರುತ್ತದೆ. ಹಿಂದಿನ ಹಲಗೆ ಮತ್ತು ಪಕ್ಕೆಗಳು ಆ ಗಾಳಿಯನ್ನು ಹಿಡಿದಿಟ್ಟು, ತಾವೂ ಅಷ್ಟಿಷ್ಟು ಅದುರಿ, ನಾದಕ್ಕೆ ಬಣ್ಣ ಕೊಡುತ್ತವೆ.

ಮರ ಮೆತ್ತಗಿದ್ದರೆ ನಡುಕವನ್ನು ತಾನೇ ನುಂಗಿ ಹಾಕುತ್ತದೆ. ಬೀಟೆ ಹಾಗಲ್ಲ. ಗಟ್ಟಿ, ಭಾರ. ಒಂದು ಘನ ಮೀಟರ್ ಒಣ ಬೀಟೆ ತೂಗಿದರೆ ಸುಮಾರು 830 ಕೆಜಿ. ತೆಳ್ಳಗೆ ಸೀಳಿದ ಬೀಟೆ ಹಲಗೆಯನ್ನು ಎರಡು ಬೆರಳಲ್ಲಿ ಹಿಡಿದು ತಟ್ಟಿ ನೋಡಿ, ಗಂಟೆಯ ಹಾಗೆ ಅನುರಣಿಸುತ್ತದೆ. ಗಿಟಾರಿನವರು ಮರುಳಾಗಿದ್ದು ಇದಕ್ಕೇ. ಕಪ್ಪು, ನೇರಳೆ, ಕಂದು ಗೆರೆಗಳ ಚಂದ ಬೇರೆ!

ಕೈಯಿಂದ ಗಿಟಾರ್ ಮಾಡುವವರು ದಿಮ್ಮಿಯನ್ನು ತಿರುಳಿನಿಂದ ತೊಗಟೆಯ ಕಡೆಗೆ, ಕಲ್ಲಂಗಡಿ ಹೋಳು ಮಾಡಿದ ಹಾಗೆ ಕೊಯ್ಸುತ್ತಾರೆ. ಹಾಗೆ ಕೊಯ್ದರೆ ಹಲಗೆ ಸೊಟ್ಟಗಾಗೋದು ಕಡಿಮೆ. ಅಕ್ಕಪಕ್ಕದ ಎರಡು ಹಲಗೆಗಳನ್ನು ಪುಸ್ತಕ ಬಿಚ್ಚಿದ ಹಾಗೆ ತೆರೆದು ಅಂಟಿಸಿದರೆ ಬೆನ್ನು ಸಿದ್ಧ. ಎಡಬಲದ ಗೆರೆಗಳು ಕನ್ನಡಿಯಲ್ಲಿ ಕಂಡಂತೆ ಕೂಡುತ್ತವೆ. ಪಕ್ಕೆಯ ಪಟ್ಟಿಗಳನ್ನು ನೀರು ಮುಟ್ಟಿಸಿ ಕಾದ ಕೊಳವೆಯ ಮೇಲೆ ಬಗ್ಗಿಸುತ್ತಾರೆ. ಕೊನೆಗೆ ಉಳಿಯುವ ದಪ್ಪ ಎಷ್ಟು? ಎರಡು, ಎರಡೂವರೆ ಮಿಲಿಮೀಟರ್!

ಈಗ ಸ್ವಲ್ಪ ಲೆಕ್ಕ ಹಾಕಿ. ಒಂದು ಗಿಟಾರಿನ ಬೆನ್ನು, ಪಕ್ಕೆ ಎರಡೂ ಸೇರಿ, ಕೆಲಸ ಮುಗಿದ ಮೇಲೆ ಉಳಿಯುವ ಬೀಟೆ ಹೆಚ್ಚೆಂದರೆ ಒಂದು ಕೆಜಿ. ಗರಗಸದ ಪುಡಿ, ಚಕ್ಕೆ ಎಲ್ಲ ಕಳೆದರೂ ನಮ್ಮಲ್ಲಿ ಒಂದು ಮಂಚಕ್ಕೆ ಹೋಗುವ ಮರದಲ್ಲಿ ಹತ್ತಾರು ಗಿಟಾರ್ ಆಗುತ್ತವೆ. ಒಂದೇ ಮರ. ಮಂಚ ಮಾಡಿದರೆ ಒಂದು ಬೆಲೆ, ವಾದ್ಯ ಮಾಡಿದರೆ ಇನ್ನೊಂದು ಬೆಲೆ. ಮರ ಬೆಳೆದವನಿಗೆ ಮಾತ್ರ ಈ ಎರಡನೇ ಬೆಲೆಯ ವಾಸನೆಯೂ ಬಡಿದಿಲ್ಲ.

ಅಕ್ರೋಟು ಬಂದದ್ದು ಹೀಗೆ

2016ರಲ್ಲಿ ದಕ್ಷಿಣ ಆಫ್ರಿಕಾದ ಜೊಹಾನ್ಸ್‌ಬರ್ಗ್‌ನಲ್ಲಿ ಸೈಟೀಸ್ ಒಪ್ಪಂದದ ದೇಶಗಳು ಸಭೆ ಸೇರಿದವು. ಮೊದಲ ಪಟ್ಟಿಯಲ್ಲಿದ್ದ ಬ್ರೆಜಿಲ್ ಬೀಟೆಯನ್ನು ಬಿಟ್ಟು, ಬೀಟೆ ಕುಲಕ್ಕೆ ಸೇರಿದ ಉಳಿದ ಎಲ್ಲಾ ಜಾತಿಗಳನ್ನೂ ಎರಡನೇ ಪಟ್ಟಿಗೆ ಹಾಕಿದವು. ಎರಡನೇ ಪಟ್ಟಿ ಅಂದರೆ ವ್ಯಾಪಾರ ನಿಷೇಧ ಅಲ್ಲ. ಆದರೆ ಗಡಿ ದಾಟಬೇಕಾದರೆ ಸರ್ಕಾರಿ ಪರವಾನಗಿ ಬೇಕು. 2017ರ ಜನವರಿ 2ರಿಂದ ಇದು ಜಾರಿಗೆ ಬಂತು. ಜಗತ್ತಿನಲ್ಲಿ ಬೇಕಾಬಿಟ್ಟಿ ಕಡಿಯುತ್ತಿದ್ದ ಬೀಟೆ ಜಾತಿಗಳನ್ನು ಉಳಿಸಬೇಕು ಎಂಬ ಉದ್ದೇಶ ಒಳ್ಳೆಯದೇ. ಪರಿಣಾಮ ಮಾತ್ರ ಗಿಟಾರಿನವರ ತಲೆ ಮೇಲೆ ಬಿತ್ತು. ಒಂದು ಗಿಟಾರ್ ಮಾರಿ ಬೇರೆ ದೇಶಕ್ಕೆ ಕಳಿಸಬೇಕಾದರೂ ಕಾಗದಪತ್ರದ ರಗಳೆ!

ಕಂಪೆನಿಗಳು ಬೇರೆ ಮರ ಹುಡುಕತೊಡಗಿದವು. ಫೆಂಡರ್ ಎಂಬ ದೊಡ್ಡ ಕಂಪೆನಿ ತನ್ನ ಹಲವು ಗಿಟಾರ್‌ಗಳ ಬೆರಳುಹಲಗೆಗೆ ಬೀಟೆ ಬಿಟ್ಟು ದಕ್ಷಿಣ ಅಮೆರಿಕದ ಇನ್ನೊಂದು ಮರ ಹಿಡಿಯಿತು. ಪೆಟ್ಟಿಗೆ ಗಿಟಾರ್ ಮಾಡುವವರ ಕಣ್ಣು ಬಿದ್ದದ್ದು ಅಕ್ರೋಟಿನ ಮೇಲೆ. ಹಿಂದೆಯೂ ಅದನ್ನು ಬಳಸುವವರಿದ್ದರು. ಈಗ ಬೇಡಿಕೆ ಏರಿತು. ಅಮೆರಿಕದ ಕರಿ ಅಕ್ರೋಟು ಅವರ ಹಿತ್ತಲಿನದೇ ಮರ. ಬಣ್ಣ ಚಾಕೊಲೇಟು ಕಂದು. ತೂಕ ಘನ ಮೀಟರ್‌ಗೆ ಸುಮಾರು 610 ಕೆಜಿ, ಅಂದರೆ ಬೀಟೆಗಿಂತ ನಾಲ್ಕನೇ ಒಂದು ಪಾಲು ಹಗುರ. ಉಳಿ ಹಿಡಿದವನಿಗೆ ಹಿತವಾದ ಮರ, ಬಗ್ಗಿಸಿದರೆ ಬಗ್ಗುತ್ತದೆ. ಬೀಟೆಯಷ್ಟು ಗಂಟೆ ನಾದ ಇಲ್ಲ, ಮೆತ್ತನೆ ಮರಗಳಷ್ಟು ಮಂಕೂ ಅಲ್ಲ ಎಂಬುದು ಅದನ್ನು ಬಲ್ಲವರ ಅಭಿಪ್ರಾಯ.

ನಮ್ಮ ದೇಶದಲ್ಲಿ ಅಕ್ರೋಟು ಬೆಳೆಯೋದು ಕಾಶ್ಮೀರ, ಹಿಮಾಚಲ, ಉತ್ತರಾಖಂಡದ ಚಳಿ ಸೀಮೆಯಲ್ಲಿ. ಕಾಶ್ಮೀರದ ಅಕ್ರೋಟು ಕೆತ್ತನೆ ಕೆಲಸ ಹೆಸರುವಾಸಿ. ನಮ್ಮ ಕಡೆ ಅಕ್ರೋಟು ಇಲ್ಲ. ಆದರೆ ತಮಾಷೆ ನೋಡಿ: ನಮ್ಮ ಬಾಗೆ ಮರಕ್ಕೆ ಇಂಗ್ಲಿಷ್ ನಾಟಾ ವ್ಯಾಪಾರದಲ್ಲಿ ಇಟ್ಟ ಹೆಸರು ‘ಈಸ್ಟ್ ಇಂಡಿಯನ್ ವಾಲ್‌ನಟ್’! ಅಕ್ರೋಟಿಗೂ ಬಾಗೆಗೂ ನೆಂಟಸ್ತನ ಏನೇನೂ ಇಲ್ಲ. ಬಣ್ಣ ಕಂದು ಕಂಡದ್ದಕ್ಕೆ ಬಿಳಿಯರು ಹಾಗೆ ಕರೆದರು, ಅಷ್ಟೇ.

2019ರಲ್ಲಿ ಜಿನೀವಾದಲ್ಲಿ ನಡೆದ ಮುಂದಿನ ಸಭೆಯಲ್ಲಿ ಸಿದ್ಧ ವಾದ್ಯಗಳಿಗೂ ಅವುಗಳ ಬಿಡಿಭಾಗಗಳಿಗೂ ವಿನಾಯಿತಿ ಸಿಕ್ಕಿತು. ಅದೇ ವರ್ಷ ನವೆಂಬರ್ 26ರಿಂದ ಅದು ಜಾರಿ. ಆದರೆ ನಮ್ಮ ಬೀಟೆಯ ಹಲಗೆಗೆ, ನಾಟಾಕ್ಕೆ ಪರವಾನಗಿ ತಪ್ಪಿಲ್ಲ. ಅಷ್ಟರಲ್ಲಿ ಅಕ್ರೋಟಿನ ಗಿಟಾರ್ ಮಾರುಕಟ್ಟೆಯಲ್ಲಿ ಕಾಲೂರಿಯಾಗಿತ್ತು.

ಕತ್ತಲಲ್ಲಿ ಕೂರಿಸಿ ಕೇಳಿಸಿದರು

ಇಲ್ಲಿ ಒಂದು ಸ್ವಾರಸ್ಯದ ಪರೀಕ್ಷೆಯ ಕತೆ ಹೇಳಬೇಕು. ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಒಬ್ಬ ನುರಿತ ಗಿಟಾರ್ ತಯಾರಕರಿಂದ ಆರು ಗಿಟಾರ್ ಮಾಡಿಸಿದರು. ಆರಕ್ಕೂ ಅಳತೆ ಒಂದೇ, ನಮೂನೆ ಒಂದೇ. ಬೆನ್ನು ಪಕ್ಕೆಯ ಮರ ಮಾತ್ರ ಬೇರೆ ಬೇರೆ. ಬ್ರೆಜಿಲ್ ಬೀಟೆ, ನಮ್ಮ ಬೀಟೆ, ಮಹಾಗನಿ, ಮೇಪಲ್, ಸಪೇಲಿ, ಅಕ್ರೋಟು. 52 ಜನ ಗಿಟಾರ್ ವಾದಕರನ್ನು ಮಬ್ಬುಗತ್ತಲಲ್ಲಿ ಕೂರಿಸಿ, ಕಣ್ಣಿಗೆ ವೆಲ್ಡಿಂಗ್ ಕೆಲಸದವರ ಕನ್ನಡಕ ಹಾಕಿಸಿ, ಬಾರಿಸೋದಕ್ಕೆ ಕೊಟ್ಟರು. ಫಲಿತಾಂಶ 2018ರಲ್ಲಿ ಪ್ರಕಟವಾಯಿತು.

ಏನಾಯಿತು ಅಂತೀರಿ? ಮರ ಕಣ್ಣಿಗೆ ಕಾಣದಿದ್ದಾಗ ಆರೂ ಗಿಟಾರ್‌ಗಳಿಗೆ ಬಂದ ಅಂಕ ಹೆಚ್ಚುಕಮ್ಮಿ ಒಂದೇ! ಒಂದನ್ನೊಂದು ಬೇರೆ ಮಾಡಿ ಗುರುತಿಸುವುದೂ ಕಷ್ಟವಾಯಿತು. ಲಕ್ಷಗಟ್ಟಲೆ ಬೆಲೆಯ ಬ್ರೆಜಿಲ್ ಬೀಟೆಗೂ ಹಿತ್ತಲಿನ ಅಕ್ರೋಟಿಗೂ ಕಿವಿ ಅಂಥಾ ಭೇದ ಮಾಡಲಿಲ್ಲ.

ಹಳಬರಿಗೆ ಇದು ಗೊತ್ತಿಲ್ಲದ್ದೇನಲ್ಲ. ಸ್ಪೇನ್ ದೇಶದಲ್ಲಿ ಇಂದಿನ ಗಿಟಾರಿನ ಪಿತಾಮಹ ಎನಿಸಿದ ಆಂಟೋನಿಯೋ ಡಿ ಟೊರೆಸ್ 1862ರಲ್ಲೇ ಒಂದು ಗಿಟಾರ್ ಮಾಡಿದ. ಅದರ ಬೆನ್ನು, ಪಕ್ಕೆ ಎರಡೂ ಕಾಗದದ ರದ್ದಿನವು! ನಾದದ ಮುಖ್ಯ ಗುಟ್ಟು ಮುಂದಿನ ಹಲಗೆಯಲ್ಲಿದೆ ಅಂತ ತೋರಿಸೋದಕ್ಕೆ ಅವನು ಮಾಡಿದ ಕೆಲಸ ಅದು.

ಹಾಗಾದರೆ ಬೀಟೆಗೆ ಬೆಲೆ ಇಲ್ಲವೇ? ಖಂಡಿತ ಇದೆ. ಮರದ ಬಾಳಿಕೆ, ಚಂದ, ತಲೆಮಾರುಗಳ ನಂಬಿಕೆ, ಇವೆಲ್ಲ ಬೆಲೆಯೇ. ಆದರೆ "ನಮ್ಮ ಮರ ಇಲ್ಲದೆ ಲೋಕದ ಗಿಟಾರ್ ನಡೆಯೋದಿಲ್ಲ" ಎಂಬ ಜಂಬ ಇನ್ನು ಸಲ್ಲದು. ಲೋಕ ನಮಗಾಗಿ ಕಾಯುತ್ತಾ ಕೂರೋದಿಲ್ಲ. ಬ್ರೆಜಿಲ್ ಬಿಟ್ಟು ನಮ್ಮ ಕಡೆ ಬಂದವರು ನಮ್ಮನ್ನು ಬಿಟ್ಟು ಅಕ್ರೋಟಿನ ಕಡೆ ಹೋಗುವುದು ಎಷ್ಟು ಹೊತ್ತಿನ ಕೆಲಸ?

ಅಂಗಳದಲ್ಲಿ ಮರ, ಕಡತದಲ್ಲಿ ಯಜಮಾನ

ಈಗ ಊರಿಗೆ ಬರೋಣ. ಹಳೇ ಮೈಸೂರು ಸಂಸ್ಥಾನದ ಕಾಲದಿಂದ ಗಂಧ, ತೇಗ, ಬೀಟೆ, ಹೊನ್ನೆಯಂಥ ಮರಗಳನ್ನು ಸರ್ಕಾರ ‘ಮೀಸಲು ಮರ’ ಅಂತ ತನ್ನ ಕೈಯಲ್ಲಿ ಹಿಡಿದುಕೊಂಡು ಬಂತು. ಮಂಜೂರಾದ ಜಮೀನಿನಲ್ಲಿ ಮಂಜೂರಾತಿಗೆ ಮೊದಲೇ ನಿಂತಿದ್ದ ಬೀಟೆ ಯಾರದ್ದು ಎಂಬ ತಕರಾರು ಇಂದಿಗೂ ಮಲೆನಾಡಿನ ಕಚೇರಿಗಳ ಬಾಗಿಲು ಬಿಟ್ಟು ಹೋಗಿಲ್ಲ. ಮರ ಸ್ವಂತದ್ದೇ ಅಂತ ಸಾಬೀತಾಯಿತು ಅನ್ನಿ. ಆಗಲೂ 1976ರ ಮರ ಸಂರಕ್ಷಣಾ ಕಾಯ್ದೆಯಂತೆ ಕಡಿಯೋದಕ್ಕೆ ಅನುಮತಿ ಬೇಕು. ಕಡಿದ ಮೇಲೆ ಸಾಗಿಸೋದಕ್ಕೆ ರಹದಾರಿ ಬೇಕು. ಅರ್ಜಿ, ಸರ್ವೆ, ಮಹಜರು, ಗುರುತಿನ ಸುತ್ತಿಗೆ... ಅಷ್ಟು ಹೊತ್ತಿಗೆ ಅಡಿಕೆ ಕೊಯ್ಲೂ ಮುಗಿದಿರುತ್ತೆ!

ಅದೇ ಕಾಯ್ದೆಯಲ್ಲಿ ಕೆಲವು ಮರಗಳಿಗೆ ವಿನಾಯಿತಿ ಇದೆ. ಅದರಲ್ಲಿ ಸಿಲ್ವರ್ ಓಕ್ ಒಂದು. ಆಸ್ಟ್ರೇಲಿಯಾದಿಂದ ಬಂದ ಮರ. ನೆಡು, ಮೆಣಸಿನ ಬಳ್ಳಿ ಹಬ್ಬಿಸು, ಬೇಕಾದಾಗ ಕಡಿ, ಮಾರು. ಕೇಳುವವರಿಲ್ಲ. ಇನ್ನು ತೋಟದವರು ಯಾವುದನ್ನು ನೆಡುತ್ತಾರೆ? ಲೆಕ್ಕ ಗೊತ್ತಿಲ್ಲದವರು ಮಲೆನಾಡಲ್ಲಿ ಯಾರಿದ್ದಾರೆ ಸ್ವಾಮಿ? ಕಾಫಿ ತೋಟಗಳಲ್ಲಿ ಸಿಲ್ವರ್ ಸಾಲುಗಳು ಸೈನಿಕರ ಹಾಗೆ ನಿಂತಿವೆ.

ಬೀಟೆಯ ಸ್ವಭಾವ ಹೇಗೆಂದರೆ ನೆಡದಿದ್ದರೂ ಅದಾಗೇ ಬರುತ್ತದೆ. ಬೇರಿನಿಂದ ಚಿಗುರಿ ಮರಿ ಏಳುತ್ತದೆ. ಬೀಜದ ಕೋಡು ಗಾಳಿಯಲ್ಲಿ ಹಾರಿ ಬಂದು ಬೀಳುತ್ತದೆ. ಬೇಳೆಕಾಳಿನ ಕುಲದ ಮರವಾದ್ದರಿಂದ ಮಣ್ಣಿಗೆ ಸಾರವನ್ನೂ ಕೊಡುತ್ತದೆ. ಕಾಫಿಗೆ ಇದಕ್ಕಿಂತ ಬೇರೆ ನೆರಳು ಬೇಕೇ? ಆದರೆ ಕಳೆ ಕೀಳುವಾಗ ಗೇಣುದ್ದದ ಬೀಟೆ ಸಸಿ ಕಂಡರೆ ಕತ್ತಿಯ ಕೈ ಸುಮ್ಮನಿರೋದಿಲ್ಲ. "ದೊಡ್ಡದಾದ ಮೇಲೆ ಸರ್ಕಾರದ್ದಾಗೋದನ್ನ ನಾವ್ಯಾಕೆ ಸಾಕಬೇಕು?" ಎಂಬ ಯೋಚನೆ. ಮರ ಕಡಿದರೆ ಕೇಸು. ಸಸಿ ಕಿತ್ತರೆ ಕೇಳೋರು ಯಾರು?

ಕಾಯ್ದೆ ಮುದಿ ಮರವನ್ನು ಕಾಯಿತು. ಎಳೆ ಮರವನ್ನು ಕೊಂದಿತು. ಇದು ಈ ಲೇಖನದ ಸಾರ. ಬೀಟೆ ಇಂದು ಜಾಗತಿಕ ಕೆಂಪು ಪಟ್ಟಿಯಲ್ಲಿ ಅಪಾಯಕ್ಕೆ ಸಿಕ್ಕಬಹುದಾದ ಜಾತಿ ಎನಿಸಿಕೊಂಡಿದೆ. ಕಳ್ಳಸಾಗಣೆಯ ಕೊಡಲಿ ಒಂದು ಕಡೆ. ಸಸಿಯಲ್ಲೇ ಚಿವುಟುವ ಕತ್ತಿ ಇನ್ನೊಂದು ಕಡೆ.

ಅರಣ್ಯ ಇಲಾಖೆಯನ್ನು ಸುಮ್ಮನೆ ಬೈದು ಫಲವಿಲ್ಲ. ಕೊಪ್ಪದಲ್ಲೇ ಒಂದು ಅರಣ್ಯ ವಿಭಾಗ ಇದೆ. ಅದು ಕಾಯಬೇಕಾದ ಕಾಡು ದೊಡ್ಡದು. ಕಾಡಿನ ಮರಕ್ಕೆ ಬಿಗಿ ಬೇಕೇ ಬೇಕು. 1996ರ ಡಿಸೆಂಬರ್ 12ರ ಸುಪ್ರೀಂ ಕೋರ್ಟ್ ಆದೇಶ ಬಾರದೇ ಹೋಗಿದ್ದರೆ ಇನ್ನೆಷ್ಟು ಕಾಡು ಲಾರಿ ಏರುತ್ತಿತ್ತೋ! ನಮ್ಮ ಪ್ರಶ್ನೆ ಕಾಡಿನ ಮರದ್ದಲ್ಲ. ರೈತ ತನ್ನ ಹಿಡುವಳಿಯಲ್ಲಿ ಸಾಕಿ ಬೆಳೆಸಿದ ಮರದ್ದು.

ಗಂಧಕ್ಕೆ ಸಿಕ್ಕ ನ್ಯಾಯ

ಇದಕ್ಕೆ ದಾರಿಯೇ ಇಲ್ಲವೇ? ದಾರಿ ನಮ್ಮ ರಾಜ್ಯದಲ್ಲೇ ಉಂಟು. ಟಿಪ್ಪುವಿನ ಕಾಲದಿಂದ ಗಂಧ ರಾಜಮರ. ಯಾರ ಹಿತ್ತಲಲ್ಲಿ ಹುಟ್ಟಿದರೂ ಸರ್ಕಾರದ್ದು. ಅದರಿಂದ ಏನಾಯಿತು? ಗಂಧದ ಗುಡಿ ಎನಿಸಿದ ನಾಡಿನಲ್ಲಿ ಗಂಧ ಅಪರೂಪವಾಯಿತು. ಕೊನೆಗೆ 2001ರಲ್ಲಿ ಅರಣ್ಯ ಕಾಯ್ದೆಗೆ ತಿದ್ದುಪಡಿ ಬಂತು. ಖಾಸಗಿ ಜಮೀನಿನ ಗಂಧಕ್ಕೆ ಜಮೀನಿನವನೇ ಯಜಮಾನ ಎಂದಾಯಿತು. ಆಮೇಲೆ ಬಯಲುಸೀಮೆಯ ರೈತರೂ ಗಂಧದ ತೋಟ ಎಬ್ಬಿಸಿದರು. ಹಕ್ಕು ಕೊಟ್ಟರೆ ಮರ ಉಳಿಯುತ್ತೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಬೀಟೆಗೂ ಇಂಥದೇ ಒಂದು ಸ್ಪಷ್ಟ ಮಾತು ಬೇಕು. ಹೊಸದಾಗಿ ನೆಟ್ಟ ಅಥವಾ ಸಾಕಿದ ಬೀಟೆ ಸಸಿಯನ್ನು ಪಹಣಿಯಲ್ಲಿ ಬರೆಸಲಿ. ಬರೆಸಿದ ಮರಕ್ಕೆ ರೈತನೇ ಒಡೆಯ ಅಂತ ಸರ್ಕಾರ ಬರೆದು ಕೊಡಲಿ. ಕಡಿಯುವ ದಿನ ಇಂತಿಷ್ಟು ದಿನದೊಳಗೆ ರಹದಾರಿ ಕೊಡಲಿ. ಗಡಿ ದಾಟುವಾಗ ಸೈಟೀಸ್ ಕಾಗದಕ್ಕೂ ಇದೇ ದಾಖಲೆ ಆಧಾರವಾದೀತು. ಇದು ಕಾಡಿನಿಂದ ಕದ್ದ ಮರವಲ್ಲ, ಇಂಥಾ ಸರ್ವೆ ನಂಬರಿನಲ್ಲಿ ಬೆಳೆದ ಮರ ಅಂತ ಧೈರ್ಯವಾಗಿ ಹೇಳಬಹುದು.

ಇನ್ನೊಂದು. ಬಿದ್ದ ಬೀಟೆ, ಒಣಗಿದ ಬೀಟೆ ನಾಟಾ ಡಿಪೋಕ್ಕೆ ಬಂದಾಗ ವಾದ್ಯಕ್ಕೆ ಒದಗುವ ತುಂಡನ್ನು ಬೇರೆ ಮಾಡಿ ಹರಾಜು ಹಾಕಿದರೆ ಏನು ನಷ್ಟ? ಹಲಗೆ ಸೀಳುವ, ಜೋಡಿ ಮಾಡುವ, ಒಣಗಿಸುವ ಕೆಲಸ ನಮ್ಮ ಹುಡುಗರು ಕಲಿಯಲಾರರೇ? ಬ್ರೆಜಿಲ್‌ನವರು 1960ರ ದಶಕದಲ್ಲಿ ಮಾಡಿದ ಯೋಚನೆ ಇದೇ ಅಲ್ಲವೇ?

ಹಿತ್ತಲ ಹಲಸನ್ನೂ ನೋಡಿ

ಗಿಟಾರ್ ಪರದೇಶದ್ದು, ಇರಲಿ. ನಮ್ಮ ನಾದದ ಮರ ಹಲಸು. ಸರಸ್ವತಿ ವೀಣೆಯ ಕೊಡ, ದಂಡಿ ಎರಡಕ್ಕೂ ಹಲಸೇ ಶ್ರೇಷ್ಠ. ಮೃದಂಗದ ಕಳಸಿಗೆಯೂ ಅದರದ್ದೇ. ಗಿಟಾರ್ ಮಾಡುವವನು ಎರಡು ಮಿಲಿಮೀಟರ್ ಹಲಗೆ ಬಗ್ಗಿಸಿ ಪೆಟ್ಟಿಗೆ ಕಟ್ಟಿದರೆ, ವೀಣೆ ಮಾಡುವವನು ದಿಮ್ಮಿಯ ಹೊಟ್ಟೆಯನ್ನೇ ಕೊರೆದು ಕೊಡ ತೆಗೆಯುತ್ತಾನೆ. ಇಡೀ ವೀಣೆ ಒಂದೇ ಮರದ್ದಾದರೆ ಅದು ಏಕಾಂಡ ವೀಣೆ. ಸರ್ ಸಿ.ವಿ. ರಾಮನ್ 1921ರಲ್ಲೇ ವೀಣೆ, ತಂಬೂರಿಗಳ ಕುದುರೆಯ ಬಾಗಿನಲ್ಲಿರುವ ನಾದದ ಗುಟ್ಟಿನ ಬಗ್ಗೆ ಬರೆದರು.

ತೂಕದಲ್ಲಿ ಹಲಸು ಅಕ್ರೋಟಿನ ಆಸುಪಾಸಿನ ಮರ. ಬೀಟೆಗೆ ಬದಲಿ ಹುಡುಕಿಕೊಂಡು ಲೋಕ ಅಕ್ರೋಟಿನ ಮನೆ ಬಾಗಿಲಿಗೆ ಹೋಯಿತಲ್ಲ, ಹಲಸಿನ ಮನೆಗೂ ಒಮ್ಮೆ ಬರಲಿ ಅಂತ ಕರೆಯೋದಕ್ಕೆ ನಮಗೇಕೆ ಸಂಕೋಚ? ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಇನ್ನೆಷ್ಟು ದಿನ?

ಶೃಂಗೇರಿಯಲ್ಲಿ ಶಾರದಾಂಬೆಯ ಮೊದಲ ಮೂರ್ತಿ ಶ್ರೀಗಂಧದ್ದು ಎಂದು ಪ್ರತೀತಿ. ನವರಾತ್ರಿಯಲ್ಲಿ ತಾಯಿಗೆ ವೀಣಾ ಶಾರದೆಯ ಅಲಂಕಾರವೂ ಆಗುತ್ತದೆ. ಮರಕ್ಕೂ ನಾದಕ್ಕೂ ಇಷ್ಟು ಹತ್ತಿರದ ನಂಟಿರುವ ಸೀಮೆಯಲ್ಲಿ ನಾದ ಕೊಡುವ ಮರವೇ ಬೇಡವಾದ ಕೂಸಾದರೆ ಹೇಗೆ?

ಮೂರು ತಾಲೂಕಿನ ಜನಪ್ರತಿನಿಧಿಗಳಿಗೆ ಅಡಿಕೆ ರೋಗದ ಬಗ್ಗೆ, ಒತ್ತುವರಿ ಬಗ್ಗೆ ಮಾತಾಡಿ ಸಾಕಾಗಿದ್ದರೆ ಮುಂದಿನ ಅಧಿವೇಶನದಲ್ಲಿ ಐದು ನಿಮಿಷ ಬೀಟೆಯ ಬಗ್ಗೆಯೂ ಮಾತಾಡಲಿ. ಇವತ್ತು ಉಳಿಸಿದ ಸಸಿ ವಾದ್ಯದ ಮರವಾಗೋದು ಮೊಮ್ಮಕ್ಕಳ ಕಾಲಕ್ಕೆ. ತಡ ಮಾಡಿದಷ್ಟೂ ತಲೆಮಾರುಗಳ ಲೆಕ್ಕದಲ್ಲಿ ತಡ. ಅಲ್ಲಿಯ ತನಕ ತೋಟದ ಯಜಮಾನರಲ್ಲಿ ಒಂದು ವಿನಂತಿ: ಈ ಸಲ ಕಳೆ ಕೊಚ್ಚುವಾಗ ಬೇಲಿ ಸಾಲಿನ ಒಂದೆರಡು ಬೀಟೆ ಸಸಿಯನ್ನಾದರೂ ಕತ್ತಿಗೆ ಕೊಡಬೇಡಿ. ಕಾಯ್ದೆ ಇಂದಲ್ಲ ನಾಳೆ ಬದಲಾದೀತು. ಬದಲಾದ ದಿನ ತೋಟದಲ್ಲಿ ಮರ ಇರಬೇಕಲ್ಲ?